ಉದುರಿದ ಬ

ರಾತ್ರಿ ಪಾಳಿ. ಮೂರನೇ ಮಹಡಿಯ ಕೊನೆಯ ಕೋಣೆ.
ಲೇನಿ ಬಿವರ್ ಹಲ್ಲಿನ ಸೆಟ್ಟು ತೆಗೆದು
ಲೋಟದ ನೀರಿಗೆ ಹಾಕಿ
ಬೊಚ್ಚು ಬಾಯಲ್ಲಿ ನನಗೆ ಪಾಠ ಹೇಳುತ್ತಾಳೆ.
ಅವಳಿಗೆ ತೊಂಬತ್ತೊಂದು. ನನಗೆ ನಲವತ್ತಾರು,
ಮುಂದಿನ ಮಂಗಳವಾರ ಭಾಷೆಯ ಪರೀಕ್ಷೆ,
ಪಾಸಾದರೆ ಲಕ್ಸೆಂಬರ್ಗಿನವಳು.

ಬರಿ ಇದಾಲೀನಾ, ಎನ್ನುತ್ತಾಳೆ.
ಎಶ್ ಗಿನ್:
ನಾನು ಹೋಗುತ್ತೇನೆ.
ಇನ್ನೊಂದು ಬರಿ.
ಎಶ್ ಗಿನ್:
ನಾನು ಕೊಡುತ್ತೇನೆ.
ಮುಗಿದಿಲ್ಲ, ಪೆನ್ನು ಮುಚ್ಚಬೇಡ.
ಎಶ್ ಗಿನ್:
ನಾನು ಆಗುತ್ತೇನೆ.

ಏನು ಆಗುತ್ತೇನೆ?
ಅದು ಮುಂದಿನ ಪದದ ಕೆಲಸ,
ಮುದುಕಿ, ದಾದಿ, ವಿಧವೆ, ಏನೋ ಒಂದು.

ನನ್ನ ದ್ವೀಪದಲ್ಲಿ ಮೂರಕ್ಕೆ ಮೂರು ಮಾತು,
ಬಾಯ್, ದಾ, ಬಿರಾ.
ಹಡಗು ಹತ್ತಿದವರದು ಬಾಯ್,
ಅವರು ತಿಂಗಳಿಗೊಮ್ಮೆ ಕಳಿಸಿದ್ದು ದಾ,
ಪ್ರಾಯಾದ ಕಟ್ಟೆಯ ಮೇಲೆ ಕೂತು
ಮೀನಿನ ಹಾಗೆ ಒಣಗಿದ ನನ್ನ ಅತ್ತೆಯರದು ಬಿರಾ.
ಒಂದರ ನೀರು ಇನ್ನೊಂದಕ್ಕೆ ಹರಿಯದು.
ನಿಮ್ಮವರೇನು ಇಷ್ಟು ಜಿಪುಣರು, ಎಂದೆ.

ಅಂಗಿ ಒಂದೇ ಕಣೇ, ಹೆತ್ತ ಹೊಟ್ಟೆ ಬೇರೆ.
ಹೋಗುವುದು ಹುಟ್ಟಿನಿಂದಲೇ ಗಿಡ್ಡ.
ಕೊಡುವುದರ ನಡುವೆ ಒಂದು ಕಾಲಕ್ಕೆ ಬ ಇತ್ತು,
ಗಡಿಯಾಚೆ ಜರ್ಮನರ ಬಾಯಲ್ಲಿ ಇವತ್ತೂ ಇದೆ,
ಗೇಬೆನ್ ಅನ್ನುತ್ತಾರೆ, ತುಟಿ ಕೂಡಿಸಿ.
ನಮ್ಮಲ್ಲಿ ಬ ಸವೆದು ವ ಆಯಿತು,
ವ ಸವೆದು ಉಸಿರಾಯಿತು,
ಆಮೇಲೆ,
ಲೋಟದ ಕಡೆ ಬೆರಳು ತೋರಿಸುತ್ತಾಳೆ.

ಒಂದು ಚೂರು ಮಾತ್ರ ಉಳಿದಿದೆ ನೋಡು,
ಕೊಡು ಎಂದು ಕೇಳುವಾಗ: ಗೆಫ್!
ಕೊಡುವಾಗ ಬೊಚ್ಚು,
ಬೇಡುವಾಗ ಹಲ್ಲು.
ಅವಳೇ ನಕ್ಕು ಅವಳಿಗೇ ಕೆಮ್ಮು ಬಂದು
ನೀರು ಕುಡಿಸಿದೆ.

ಸರಿ, ಕೊಡುವುದು ಆಗುವುದಾದದ್ದು ಹೇಗೆ?
ಕಿಟಕಿಯಾಚೆ ಗಣಿಯ ಗುಡ್ಡ, ಅದರ ಮೇಲೆ
ಈಗಷ್ಟೇ ಬೆಳ್ಳಗಾಗುತ್ತಿರುವ ಹುಲ್ಲು.
ಎಟ್ ಗೆಟ್ ಕಾಲ್, ಎಂದಳು,
ಚಳಿಯಾಗುತ್ತಿದೆ.
ಅಕ್ಷರಕ್ಕಕ್ಷರ ಬಿಡಿಸಿದೆ: ಅದು ಚಳಿ ಕೊಡುತ್ತಿದೆ.
ಅದು ಅಂದರೆ ಯಾರು, ಲೇನಿ?
ಪಾದ್ರಿಯನ್ನು ಕೇಳು.
ಮೊದಲು ಕಂಬಳಿ ಎಳೆ.

ಮತ್ತೆ ಅವಳು ಮಾತಾಡಿದ್ದು ಎರಡೂವರೆಗೆ,
ನಿದ್ದೆಯಲ್ಲಿ ಅಂದುಕೊಂಡೆ, ಕಣ್ಣು ತೆರೆದೇ ಇತ್ತು.

ಫೊನ್ಸ್ ಗಣಿಗೆ ಹೊರಡುವಾಗ ಬಾಗಿಲಲ್ಲಿ
ಅಷ್ಟೇ ಹೇಳುತ್ತಿದ್ದ, ಎಶ್ ಗಿನ್.
ಬುತ್ತಿ, ಕಾರ್ಬೈಡ್ ದೀಪ, ಇಪ್ಪತ್ತೆಂಟು ವರ್ಷ.
ಅವನ ಕಿವಿಯ ಮಡಿಕೆಯಲ್ಲಿ ಕೆಮ್ಮಣ್ಣು,
ದಿಂಬಿನಲ್ಲಿ, ನಾನು ಕುದಿಸಿ ಒಗೆದ ಬಟ್ಟೆಯಲ್ಲಿ ಕೆಮ್ಮಣ್ಣು.
ಯಾವ ಗಿನ್ ಅಂತ ನಾನು ಕೇಳಿದವಳಲ್ಲ,
ಹೋಗುವ ಗಂಡಸು ಹೋಗುತ್ತೇನೆ ಎಂದೇ ಅನ್ನುತ್ತಾನೆ.
ಆಸ್ಪತ್ರೆಯಲ್ಲಿ ಕೊನೇ ದಿನ ಅದೇ ಎರಡು ಮಾತು.
ಯಾಕೋ ಗೊತ್ತಿಲ್ಲ,
ಅಂಗೈ ಚಾಚಿದೆ.

ಕನ್ನಡಕ ತೆಗೆದು ಇಟ್ಟ.

ಬೆಳಗಿನ ವರದಿಯಲ್ಲಿ ಪ್ರತಿ ಕೋಣೆಯ ಆಗುಹೋಗು
ಮೂರು ಸಾಲಿಗೆ ಮೀರದಂತೆ ಬರೆಯಬೇಕು.
ಬರೆದೆ: ನೀರು ಕುಡಿದರು. ಕೆಮ್ಮು, ಸ್ವಲ್ಪ.
ಕಿಟಕಿ ಮುಚ್ಚಲು ಒಪ್ಪಲಿಲ್ಲ.

ಮಂಗಳವಾರ.
ಪರೀಕ್ಷೆಯ ಹುಡುಗಿಗೆ ನನ್ನ ಮಗಳ ವಯಸ್ಸು,
ಉಗುರಿಗೆ ಹಸಿರು ಬಣ್ಣ.
ಚಿತ್ರ ತೋರಿಸಿದಳು, ರೈಲು ನಿಲ್ದಾಣ, ಕೊಡೆ, ನಾಯಿ.
ಹೇಳಿದೆ. ಚೆನ್ನಾಗಿತ್ತು ಅನ್ನಿಸಿತು.
ಈಗ ನಿಮ್ಮ ಬಗ್ಗೆ ಹೇಳಿ, ಎಂದಳು.

ಎಶ್ ಗಿನ್,
ಎಂದೆ. ಮುಂದಿನ ಪದ ನಾಲಿಗೆಯ ಮೇಲೇ ಇತ್ತು,
ಎಲ್ಲೋ ಜಾರಿತು. ಬಾಯಿ ಬರಿದು.
ಗಡಿಯಾರ, ಪೆನ್ನು, ಹಸಿರು ಉಗುರು ಎಲ್ಲ ಕಾಯುತ್ತಿವೆ.

ಎಲ್ಲಿಗೆ? ಎಂದು ಕೇಳಿದಳು,
ಸಹಾಯ ಮಾಡಲಿಕ್ಕೇ, ಮೆಲ್ಲಗೆ.

ಎಲ್ಲಿಗೂ ಇಲ್ಲ ಮೇಡಂ.
ಆ ಗಿನ್ ಅಲ್ಲ.